ಕೈಲ್ ಕೋಡನ್ನು ಎಸ್‌ಡಿಸಿಸಿಗೆ ಓದಿಸಿದ ನನ್ನ ಅನುಭವ

ಗಂಗಾವತಿ ಕಡೆಯ ರೈಸ್ ಮಿಲ್‌ಗಳಿಗೆ ಡ್ರೈಯರ್ ಕಂಟ್ರೋಲರ್ ಬೋರ್ಡ್ ಮಾಡಿಕೊಡುತ್ತೇನೆ. ಎಲ್ಲದರಲ್ಲೂ ಎಟಿ89ಎಸ್52 ಅನ್ನೋ ಮೈಕ್ರೋಕಂಟ್ರೋಲರ್ ಚಿಪ್. ಕೋಡ್ ಪೂರ್ತಿ ಕೈಲ್ ಸಿ51 ಅನ್ನೋ ದುಡ್ಡಿನ ಕಂಪೈಲರ್‌ಗೆ (ಸಿ ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್) ಬರೆದದ್ದು, ಸುಮಾರು 40 ಫೈಲು. ಪಾಲುದಾರ ಬಿಟ್ಟುಹೋದಾಗ ಲೈಸೆನ್ಸೂ ಅವನ ಜೊತೆ ಹೋಯಿತು. ಹೊಸದು ಕೊಳ್ಳೋ ದುಡ್ಡಲ್ಲಿ ನನ್ನ ಅಂಗಡಿಯ ವರ್ಷದ ಬಾಡಿಗೆ ಕಟ್ಟಬಹುದಿತ್ತು. ಕೈಲ್‌ನಲ್ಲಿ ಪುಕ್ಕಟೆ ಸಿಗೋದು 2 ಕೆಬಿ ಕೋಡಿಗೆ ನಿಲ್ಲುತ್ತದೆ, ನಮ್ಮದು 6 ದಾಟಿತ್ತು. ಅದಕ್ಕೇ ಪೂರ್ತಿ ಪುಕ್ಕಟೆಯ ಎಸ್‌ಡಿಸಿಸಿ ಕಂಪೈಲರ್ ಹಿಡಿದೆ. ಕೈಲ್‌ನದೇ ಆದ ಕೆಲವು ಪದ ಅದಕ್ಕೆ ಓದಲು ಬರಲ್ಲ, ಕಂಪೈಲರನ್ನೇ ತಿದ್ದಿ ಕಲಿಸೋಣ ಅಂದುಕೊಂಡೆ.

"ಸೆಡ್‌ನಾಗ ಬದಲ್ ಮಾಡಿಬಿಡಣ್ಣ, ಕಂಪೈಲರಿಗೆ ಯಾಕ ಕೈ ಹಾಕ್ತಿ" ಅಂದ ಗೆಳೆಯ. ಸೆಡ್ ಅಂದರೆ ಫೈಲಿನಲ್ಲಿ ಪದ ಹುಡುಕಿ ಬದಲಿಸೋ ಸಲಕರಣೆ. ಮಾಡಿದೆ, ಎರಡು ವಾರ ಹಾಳಾಯಿತು. ನಮ್ಮಲ್ಲಿ ಪೋರ್ಟ್ (ಚಿಪ್‌ನ ಪಿನ್‌ಗಳ ಗುಂಪು) ಹೆಸರೆಲ್ಲ ಮ್ಯಾಕ್ರೋ, ಅಂದರೆ ಅಡ್ಡಹೆಸರಿನ ಒಳಗಿವೆ, ಬೋರ್ಡಿಗೊಂದು ಥರ. ಸೆಡ್‌ಗೆ ಅದು ಕಾಣಲ್ಲ. ಮ್ಯಾಕ್ರೋ ಬಿಚ್ಚೋ ಪ್ರಿಪ್ರೊಸೆಸರ್ ಮುಗಿದ ಮೇಲೇ ಹಿಡಿಯಬೇಕು, ಅಂದರೆ ಕಂಪೈಲರ್ ವಾಕ್ಯ ಬಿಡಿಸಿ ಓದೋ ಪಾರ್ಸರ್‌ನಲ್ಲೇ.

ಕೀವರ್ಡ್ ಸೇರಿಸೋದು ಒಂದು ಸಂಜೆ ಕೆಲಸ. ಕಾಡಿದ್ದು 'ಎಸ್‌ಬಿಟ್ ಮೋಟರ್ = ಪಿ1^3' ಅನ್ನೋ ಸಾಲು. ಕೈಲ್‌ನಲ್ಲಿ ಅದು ಪಿ1 ಪೋರ್ಟಿನ 3ನೇ ಬಿಟ್‌ಗೆ ಮೋಟರ್ ಅಂತ ಹೆಸರಿಡುತ್ತದೆ. ಸಿ ಭಾಷೆಗೆ ಆ ^ ಗುರುತು ಎಕ್ಸಾರ್, ಎರಡು ಸಂಖ್ಯೆಯ ಬಿಟ್ ಹೋಲಿಸಿ ಬೇರೆಯಿದ್ದಲ್ಲಿ 1 ಇಡೋ ಲೆಕ್ಕ. ನಾಲ್ಕು ದಿನ ಅದಕ್ಕೇ ಬೇರೆ ವ್ಯಾಕರಣ ಬರೆದು ಅಳಿಸಿದೆ. ಆಮೇಲೆ ಹೊಳೆಯಿತು. ಬಿಟ್ ಅಡ್ರೆಸ್ ಇರೋ ರಿಜಿಸ್ಟರ್‌ಗಳೆಲ್ಲ 8ರ ಮಗ್ಗಿಯಲ್ಲೇ ಕೂತಿವೆ. ಪಿ1 ಇರೋದು ಹೆಕ್ಸ್ 90ರಲ್ಲಿ. ಅದಕ್ಕೆ 3 ಎಕ್ಸಾರ್ ಮಾಡಿದರೆ 93, ಬೇಕಾದ ಬಿಟ್‌ನ ಅಡ್ರೆಸ್ಸೇ ಅದು! ಹೆಸರಿನ ಜಾಗದಲ್ಲಿ ಅಡ್ರೆಸ್ ಇಟ್ಟು ಎಕ್ಸಾರ್ ಅನ್ನು ಅದರ ಪಾಡಿಗೆ ಬಿಟ್ಟೆ. ಬಿಡೇಟಾಗೆ (ಒಂದೊಂದೇ ಬಿಟ್ ಮುಟ್ಟಬಹುದಾದ ಮೆಮೊರಿಯಲ್ಲಿಡೋ ವೇರಿಯಬಲ್) ಈ ಲೆಕ್ಕ ನಡೆಯಲ್ಲ, ಅಲ್ಲಿ ಅಡ್ರೆಸ್ ಕೊನೆಗೆ ಫೈಲುಗಳನ್ನು ಜೋಡಿಸೋ ಲಿಂಕರ್ ಕೈಲಿರುತ್ತದೆ. ಅದಕ್ಕೆ ಕಂಡುಕೊಂಡ ದಾರಿ ಸದ್ಯ ನನ್ನ ಹತ್ತಿರವೇ ಇರಲಿ.

ಕಾರಟಗಿಯ ಒಂದು ಮಿಲ್‌ಗೆ ಚಿಪ್ ಹಾಕಿ ಬಂದೆ. ರಾತ್ರಿ 11ಕ್ಕೆ ಫೋನು: "ಬಿಸಿ ನಿಂದ್ರವಲ್ದ್ರೀ, ಜಲ್ದಿ ಬರ್ರಿ." ಎರಡು ಬೈಟಿನ ಸಂಖ್ಯೆಯಲ್ಲಿ ಕೈಲ್ ಮೇಲಿನ ಬೈಟನ್ನು ಮೊದಲು ಇಡುತ್ತದೆ, ಎಸ್‌ಡಿಸಿಸಿ ಕೆಳಗಿನದನ್ನು. ಕರೆಂಟ್ ಹೋದರೂ ನೆನಪಿಡೋ ಇಇಪ್ರಾಮ್‌ನಲ್ಲಿ ಕೈಲ್ ಕೋಡ್ ಬರೆದಿಟ್ಟಿದ್ದ ಹಳೇ 60 ಡಿಗ್ರಿ ಹೊಸ ಕೋಡಿಗೆ 15360 ಆಗಿತ್ತು. ಭತ್ತ ಅತಿಯಾಗಿ ಕಾದು ನುಚ್ಚಾಯಿತು. ಸುಮಾರು 20 ಚೀಲದ ದುಡ್ಡು ಕೈಯಿಂದ ಕೊಟ್ಟೆ.

ಕಂಪೈಲರ್‌ನ ಬೈಟ್ ಕ್ರಮವನ್ನೇ ತಿರುಗಿಸೋಣ ಅಂತ ಒಂದು ವಾರ ಗುದ್ದಾಡಿದೆ. ಲೈಬ್ರರಿಯೆಲ್ಲ ಕೈಕೊಟ್ಟಿತು, ಬಿಟ್ಟೆ. ಇಇಪ್ರಾಮ್ ಓದೋ ಕಡೆ ಬೈಟ್ ಅದಲುಬದಲು ಮಾಡಿದೆ, ಎರಡೇ ಸಾಲು.

ಮೈಕ್ರೋಸಾಫ್ಟ್‌ನ ಸಿ ವಿಸ್ತರಣೆಗಳಿಗೆ ಜಿಸಿಸಿ ಅನ್ನೋ ಇನ್ನೊಂದು ಕಂಪೈಲರ್‌ನಲ್ಲಿ ಒಂದು ಸ್ವಿಚ್ ಇದೆಯಲ್ವಾ, ಹಾಗೇ ನಾನೂ ಒಂದು ಇಟ್ಟಿದ್ದೇನೆ. ಅದು ಕೊಡದಿದ್ದರೆ ಎಸ್‌ಡಿಸಿಸಿ ಮೊದಲಿನಂತೆಯೇ. ಕೋಡ್ 7 ಕೆಬಿ ಮೇಲೆ ಹೋಯಿತು, 8 ಕೆಬಿ ಹಿಡಿಯೋ ಚಿಪ್‌ನಲ್ಲಿ ಕೂತಿತು. ಈ ಸೀಸನ್ನಿಗೆ ಮೂವತ್ತರ ಹತ್ತಿರ ಬೋರ್ಡ್ ಓಡಿವೆ. ಸೆಡ್ ಅಂದ ಗೆಳೆಯನೇ ಹೋದ ವಾರ ಪ್ಯಾಚ್ (ಎಸ್‌ಡಿಸಿಸಿಗೆ ನಾನು ಮಾಡಿದ ತಿದ್ದುಪಡಿ) ಕೇಳಿದ. ಕಳಿಸಿದೆ, ಬಿಡೇಟಾ ಭಾಗ ಒಂದು ಬಿಟ್ಟು.