ಡೆಂಗಿ ಬರುವ ಸುಳಿವನ್ನು ಗೂಗಲ್ ಟ್ರೆಂಡ್ಸ್‌ನಲ್ಲಿ ನೋಡೋದು ಹೇಗೆ

ವಿಜಯಪುರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಮಳೆ ಹಿಡಿದು ಮೂರ್ನಾಲ್ಕು ವಾರ ಆದ ಮೇಲೆ ಕೌಂಟರಿನಲ್ಲಿ ಒಂದು ಮಾತು ಕೇಳಿಬರುತ್ತದೆ: "ಅಣ್ಣಾರ, ಇನ್ನೊಂದು ಬಾಟ್ಲಿ ಕೊಡ್ರಿ, ಈಗ ಸಣ್ಣಾಂವ್ಗೂ ಜ್ವರ ಬಂದೈತಿ." ಒಂದೇ ಮನೆಗೆ ಎರಡನೇ ಸಿರಪ್ ಹೋಯಿತೆಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ನಳದ ನೀರನ್ನು ಬ್ಯಾರೆಲ್, ಹಂಡೆಗಳಲ್ಲಿ ತುಂಬಿಡುವ ಊರು ನಮ್ಮದು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದೂ ಅಲ್ಲೇ.

ಜ್ವರ ಬಂದವರು ಮೊದಲು ಮೊಬೈಲ್ ನೋಡುತ್ತಾರೆ, ಆಮೇಲೆ ಡಾಕ್ಟರ್, ಆಮೇಲೆ ರಕ್ತ ಪರೀಕ್ಷೆ. ಸರ್ಕಾರದ ಲೆಕ್ಕಕ್ಕೆ ಸೇರೋದು ಕೊನೆಗೆ. ನಡುವೆ ಸಿಗುವ ಆ ನಾಲ್ಕಾರು ದಿನಕ್ಕಾಗಿಯೇ ನಾನು ಪ್ರತಿ ಸೋಮವಾರ ಗೂಗಲ್ ಟ್ರೆಂಡ್ಸ್ ತೆರೆಯುತ್ತೇನೆ. ಜನ ಗೂಗಲ್‌ನಲ್ಲಿ ಯಾವ ಪದವನ್ನು ಯಾವಾಗ ಹೆಚ್ಚು ಹುಡುಕಿದರು ಅಂತ ಗೆರೆ ಎಳೆದು ತೋರಿಸುವ ಜಾಲತಾಣ ಅದು, ಉಚಿತ.

ಯಾವ ಪದ ಹಾಕಬೇಕು ಅನ್ನೋದೇ ಅರ್ಧ ಕೆಲಸ. ಬರೀ "ಡೆಂಗಿ" ಹಾಕಿದರೆ ಸಾಲದು. ಶಾಲೆಯ ಪ್ರಬಂಧಕ್ಕೆ ಹುಡುಕುವ ಮಕ್ಕಳೂ ಅದರಲ್ಲಿ ಸೇರುತ್ತಾರೆ. ಮನೆಯಲ್ಲಿ ರೋಗಿ ಮಲಗಿದ್ದರೆ ಹುಡುಕೋದೇ ಬೇರೆ: "ಪ್ಲೇಟ್‌ಲೆಟ್" (ಡೆಂಗಿಯಲ್ಲಿ ಕಮ್ಮಿಯಾಗುವ ರಕ್ತಕಣ), "ಪಪ್ಪಾಯಿ ಎಲೆ ರಸ" (ಅದನ್ನು ಏರಿಸುತ್ತದೆ ಅಂತ ಜನ ನಂಬುವ ಮನೆಮದ್ದು), "ಎನ್‌ಎಸ್‌1 ಟೆಸ್ಟ್" (ಡೆಂಗಿ ಪತ್ತೆ ಮಾಡುವ ರಕ್ತ ಪರೀಕ್ಷೆ). ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹಾಕಿ. ಒಟ್ಟಿಗೆ ಐದು ಪದ ಹೋಲಿಸಬಹುದು. ವೆಬ್ ಬದಲು ಯೂಟ್ಯೂಬ್ ಹುಡುಕಾಟವನ್ನೂ ಆರಿಸಿ ನೋಡಿ. ಓದಲು ಬೇಜಾರು ಪಡುವವರು ಅಲ್ಲೇ ಕೇಳುತ್ತಾರೆ ಅಲ್ವಾ?

ಜಾಗಕ್ಕೆ ಕರ್ನಾಟಕ, ಅವಧಿಗೆ ಐದು ವರ್ಷ ಇಡಿ. ಒಂದೇ ಊರನ್ನು ನೋಡಹೋದರೆ ಹುಡುಕಾಟ ಕಮ್ಮಿ ಇದ್ದು ಗೆರೆ ಸೊನ್ನೆಗೆ ಬೀಳುತ್ತದೆ. ಅಲ್ಲಿ ಕಾಣುವ 0ಯಿಂದ 100ರ ಅಂಕಿ ರೋಗಿಗಳ ಸಂಖ್ಯೆಯಲ್ಲ. ಹುಡುಕಾಟ ಅತಿ ಹೆಚ್ಚಾದ ವಾರ 100, ಉಳಿದ ವಾರಗಳು ಅದಕ್ಕೆ ತಕ್ಕ ಹಾಗೆ. ಆದ್ದರಿಂದ ಈ ಜುಲೈಯನ್ನು ಕಳೆದ ವರ್ಷಗಳ ಜುಲೈ ಜೊತೆ ಹೋಲಿಸಿ. ಕೊನೆಯ ಚುಕ್ಕಿ ಗೆರೆಯನ್ನು ನಂಬಬೇಡಿ, ಆ ವಾರದ ಲೆಕ್ಕ ಇನ್ನೂ ಮುಗಿದಿರುವುದಿಲ್ಲ.

ಇನ್ನು ಮೋಸ ಹೋಗುವ ಜಾಗ. ಗೂಗಲ್ಲೇ 2008ರಲ್ಲಿ "ಫ್ಲೂ ಟ್ರೆಂಡ್ಸ್" ಶುರು ಮಾಡಿತ್ತು, ಜನರ ಹುಡುಕಾಟ ನೋಡಿ ಫ್ಲೂ ಎಷ್ಟಿದೆ ಅಂತ ಅಂದಾಜು ಮಾಡಲು. 2009ರಲ್ಲಿ ಅಮೆರಿಕದಲ್ಲಿ ಹಂದಿ ಜ್ವರದ ಮೊದಲ ಅಲೆ ಅದಕ್ಕೆ ಸರಿಯಾಗಿ ಕಾಣಲಿಲ್ಲ. 2012-13ರ ಚಳಿಗಾಲದಲ್ಲಿ ಫ್ಲೂ ಎಂದು ಡಾಕ್ಟರ್ ಹತ್ತಿರ ಹೋದವರನ್ನು ಅಲ್ಲಿನ ಸರ್ಕಾರದ ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ತೋರಿಸಿತು. 2015ರಲ್ಲಿ ನಿಲ್ಲಿಸಿಬಿಟ್ಟರು. ಟಿವಿಯಲ್ಲಿ ಸುದ್ದಿ ಜೋರಾದರೆ ಆರೋಗ್ಯವಂತರೂ ಹುಡುಕುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಅಂಥ ವಾರ "ಡೆಂಗಿ" ಪದ ಏರಿದರೆ ಅದು ಸುದ್ದಿಯಿಂದಲೂ ಇರಬಹುದು. "ಡೆಂಗಿ" ಒಂದೇ ಏರಿ "ಪ್ಲೇಟ್‌ಲೆಟ್" ಸುಮ್ನೆ ಮಲಗಿದ್ದರೆ ನಾನು ಕಾಯುತ್ತೇನೆ. ಎರಡೂ ಏರಿದರೆ ನನ್ನ ನೋಟ್‌ಬುಕ್ ತೆಗೆಯುತ್ತೇನೆ.

ಅದು ನೂರು ಪುಟದ ಶಾಲೆ ನೋಟ್‌ಬುಕ್. ತಾರೀಕು, ಯಾವ ಓಣಿ, ಜ್ವರದ ಸಿರಪ್ ಎಷ್ಟು, ಓಆರ್‌ಎಸ್ ಎಷ್ಟು. ಯಾರ ಹೆಸರನ್ನೂ ಬರೆಯುವುದಿಲ್ಲ, ನೀವೂ ಬರೆಯಬೇಡಿ. ಟ್ರೆಂಡ್ಸ್ ಇಡೀ ರಾಜ್ಯದ ಮಾತು ಹೇಳುತ್ತದೆ, ಓಣಿಯ ಮಾತು ಹೇಳೋದು ಈ ನೋಟ್‌ಬುಕ್ಕೇ. ಒಂದೇ ಓಣಿಗೆ ವಾರದಲ್ಲಿ ಸಿರಪ್ ದುಪ್ಪಟ್ಟು ಹೋಗಿದ್ದರೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇನೆ. "ಡೆಂಗಿ ಬಂದೈತಿ" ಅನ್ನುವುದಿಲ್ಲ. "ಈ ಓಣಿಯ ಬ್ಯಾರೆಲ್ ಒಮ್ಮೆ ನೋಡ್ರಿ ಅಕ್ಕಾರ" ಅನ್ನುತ್ತೇನೆ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೆ ತಿಕ್ಕಿ, ಒಣಗಿಸಿದರೆ ಅಲ್ಲಿಗೇ ತಡೆಯಬಹುದು.

ಆ ವಾರ ಜ್ವರ, ಮೈಕೈ ನೋವು ಅಂತ ಬಂದವರು ಆಸ್ಪಿರಿನ್, ಐಬುಪ್ರೊಫೇನ್ ಕೇಳಿದರೆ ಕೊಡುವುದಿಲ್ಲ. ಡೆಂಗಿಯಾಗಿದ್ದರೆ ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು, ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಎನ್‌ಎಸ್‌1 ಪರೀಕ್ಷೆ ಜ್ವರ ಬಂದ ಮೊದಲ ಐದು ದಿನದೊಳಗೇ ಮಾಡಿಸಬೇಕು ಅಂತ ಚೀಟಿಯ ಹಿಂದೆ ಬರೆದು ಕೊಡುತ್ತೇನೆ.