ಗ್ಲೋಬು ಮುರಿಯಿತು, ಗೂಡು ಕೈ ಹಿಡಿಯಿತು

ಮೊದಲ ವರ್ಷ ಕೈ ಸುಟ್ಟುಕೊಂಡೆ. ಮಕ್ಕಳಿಗೆ ಹೊರಗಿನ ಜಗತ್ತು ತೋರಿಸೋಣ ಅಂತ, ರೇಷ್ಮೆಯ ಶಿಡ್ಲಘಟ್ಟ ಸೀಮೆಯ ನಮ್ಮ ಹಳ್ಳಿ ಗ್ರಂಥಾಲಯಕ್ಕೆ ಗ್ಲೋಬು, ಗೋಡೆ ನಕಾಶೆ, ದೇಶ ವಿದೇಶದ ಬಣ್ಣದ ಪುಸ್ತಕ ಅಂತ ಸ್ವಂತ ದುಡ್ಡು ಮೂರೂವರೆ ಸಾವಿರ ಸುರಿದೆ. ಎರಡೇ ವಾರಕ್ಕೆ ಗ್ಲೋಬಿನ ಕಡ್ಡಿ ಮುರಿಯಿತು. ಪುಸ್ತಕದಲ್ಲಿ ಹುಡುಗರು ಬಾವುಟ ನೋಡಿದರು, ಮುಚ್ಚಿಟ್ಟರು. "ನಮ್ಮ ಮಕ್ಕಳಿಗೆ ಜಪಾನ್ ಕಟ್ಟಿಕೊಂಡು ಏನಾಗಬೇಕು?" ಎಂದು ಪಕ್ಕದೂರಿನ ಮೇಷ್ಟ್ರೊಬ್ಬರು ನಕ್ಕರು.

ಆಮೇಲೊಂದು ಶನಿವಾರ ಮೇಜಿನ ಮೇಲೆ ನಾಲ್ಕು ರೇಷ್ಮೆಗೂಡು ಇಟ್ಟೆ, ಅಷ್ಟೆ. ರೇಷ್ಮೆ ಇನ್ನೂ ಪೂರ್ವದೇಶಗಳ ಗುಟ್ಟಾಗಿದ್ದ ಕಾಲ, ಕ್ರಿ.ಶ. 550ರ ಆಸುಪಾಸಿನಲ್ಲಿ ಸನ್ಯಾಸಿಗಳು ಹುಳದ ಮೊಟ್ಟೆಯನ್ನು ಟೊಳ್ಳು ಕೋಲಿನೊಳಗೆ ಬಚ್ಚಿಟ್ಟು ಬೈಜಾಂಟಿಯಂನ ಜಸ್ಟೀನಿಯನ್ ದೊರೆಗೆ ತಂದುಕೊಟ್ಟರಂತೆ ಎಂದೆ. ಹಿಂದೆ ಕೂತಿದ್ದ ಆರನೇ ಕ್ಲಾಸಿನವನು ಎದ್ದು, "ಸಾರ್, ದಾರೀಲೇ ಚಾಕಿ ಎದ್ದುಬಿಟ್ಟಿದ್ರೆ ಸೊಪ್ಪಿಗೇನು ಮಾಡ್ತಿದ್ರು?" ಎಂದ. ಚಾಕಿ ಅಂದರೆ ಆಗಷ್ಟೇ ಮೊಟ್ಟೆಯೊಡೆದ ಮರಿಹುಳ. ಉತ್ತರ ಗೊತ್ತಿರಲಿಲ್ಲ. ಆದರೆ ದಾರಿ ಸಿಕ್ಕಿತು ಅಂತ ಅವತ್ತೇ ಗೊತ್ತಾಯಿತು.

ಮುಂದಿನ ವಾರ ಜಪಾನಿನ ತೊಮಿಒಕಾ ಫಿಲೇಚರ್, ಅಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯ ಕತೆ. 1872ರಲ್ಲಿ ಸರ್ಕಾರವೇ ಫ್ರೆಂಚರನ್ನು ಕರೆಸಿ ಶುರು ಮಾಡಿದ್ದು. ಗೂಡು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ಬೇಸಿನ್ 300 ಅಂದಾಗ ಮಕ್ಕಳ ಬಾಯಿ ತೆರೆದದ್ದು ತೆರೆದ ಹಾಗೇ. ಅವರ ಮನೆಗಳಲ್ಲಿರುವುದು ಆರೋ ಎಂಟೋ. ಫ್ರೆಂಚರು ಕುಡಿಯುವ ಕೆಂಪು ವೈನ್ ನೋಡಿ "ಹುಡುಗಿಯರ ರಕ್ತ ಹೀರುತ್ತಾರೆ" ಎಂದು ಪುಕಾರು ಹಬ್ಬಿ ಯಾರೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಮೇಲ್ವಿಚಾರಕ ಒದಾಕಾ ತನ್ನ ಮಗಳನ್ನೇ, ಹದಿಮೂರು ಹದಿನಾಲ್ಕರ ಹುಡುಗಿಯನ್ನು, ಮೊದಲು ಕಳಿಸಿದ. ಕತೆಯನ್ನು ಎಲ್ಲಿ ನಿಲ್ಲಿಸಿ ಪುಸ್ತಕ ಕೈಗೆ ಕೊಡಬೇಕು ಅನ್ನುವ ಗುಟ್ಟು ಮಾತ್ರ ನನ್ನ ಹತ್ತಿರವೇ ಇರಲಿ.

ಎಲ್ಲವೂ ಗೆದ್ದಿತು ಅಂತಲ್ಲ. ರಾಗಿಯ ತವರು ಪೂರ್ವ ಆಫ್ರಿಕಾ ಅಲ್ಲವೇ, ಆ ನೆಪದಲ್ಲಿ ಇಥಿಯೋಪಿಯಾದ ಇಂಜೆರಾ ಎಂಬ ಹುಳಿದೋಸೆ ಮಾಡಿಸಿದೆ. ಅಲ್ಲಿ ಅದಕ್ಕೆ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು. ನಾನು ರಾಗಿಯನ್ನೇ ಮೂರು ದಿನ ಹುಳಿ ಹಿಡಿಸಿದೆ. "ದೋಸೆ ಕೆಟ್ಟೋಗಿದೆ ಸಾರ್" ಎಂದು ಓಡಿಹೋದರು. ಹಿಟ್ಟು, ಗ್ಯಾಸು ಸೇರಿ ನಾನೂರು ರೂಪಾಯಿ ನೀರುಪಾಲು.

ಒಂಬತ್ತು ಮಕ್ಕಳಿದ್ದದ್ದು ಈಗ ಮೂವತ್ತರ ಹತ್ತಿರ. ನಕ್ಕ ಮೇಷ್ಟ್ರು ಮೊನ್ನೆ ಗೂಡು ಕೇಳಿಕೊಂಡು ಬಂದಿದ್ದರು. ಕೊಟ್ಟೆ, ಎರಡೇ.

ಮೊನ್ನೆ ನೂಲು ಬಿಚ್ಚುವ ತಾಯಿಯೊಬ್ಬರು ಮಗಳನ್ನು ಕರೆದೊಯ್ಯಲು ಬಂದರು. ಬಿಸಿನೀರಿಗೆ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು. "ಆ ಜಪಾನ್ ಹುಡುಗೀರಿಗೆ ಎಷ್ಟು ಹೊತ್ತು ಕೆಲ್ಸ?" ಎಂದರು. ದಿನಕ್ಕೆ ಎಂಟು ಗಂಟೆಯೊಳಗೆ, ಭಾನುವಾರ ರಜ ಎಂದೆ.

"ರಜಾನಾ?" ಎಂದು ಬಾಗಿಲಲ್ಲೇ ಕೂತುಬಿಟ್ಟರು. "ಇನ್ನೊಂದ್ಸಲ ಮೊದ್ಲಿಂದ ಹೇಳಿ."