ಸೆನೆಟ್ ಪಟ್ಟಿಯಲ್ಲಿ ಪಕ್ಷದ ಕಾಲಂ: ನನ್ನ ಅನುಭವ

ಒಟ್ಟಾವಾದಲ್ಲಿ ನಾನು ಮಾಡುತ್ತಿದ್ದ ಕೆಲಸ ಕೇಳಿದರೆ ಊರಿನವರಿಗೆ ನಗು ಬರುತ್ತದೆ. ಕೆನಡಾ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಯಾರು ಯಾವ ಪಕ್ಷ ಅಂತ ಪಟ್ಟಿ ಇಡುವುದು. 105 ಸೀಟು, ಒಂದು ಎಕ್ಸೆಲ್ ಶೀಟು. ಮಸೂದೆ ವೋಟಿಗೆ ಬರುವ ಮೊದಲು ಪರ ಎಷ್ಟು, ವಿರುದ್ಧ ಎಷ್ಟು ಅಂತ ಲೆಕ್ಕ ಕೊಡಬೇಕು. ಶುರುವಿನಲ್ಲಿ ತೀರಾ ಸುಲಭ. ಕನ್ಸರ್ವೇಟಿವ್ ನೀಲಿ, ಲಿಬರಲ್ ಕೆಂಪು. ಬಣ್ಣ ಎಣಿಸು, ಮನೆಗೆ ಹೋಗು.

2014ರ ಜನವರಿ 29ರ ಬೆಳಗ್ಗೆ ಲಿಬರಲ್ ಪಕ್ಷದ ಆಗಿನ ನಾಯಕ ಜಸ್ಟಿನ್ ಟ್ರೂಡೊ ತಮ್ಮ 32 ಸೆನೆಟರ್‌ಗಳನ್ನೂ ಪಕ್ಷದ ಸಂಸದೀಯ ಗುಂಪಿನಿಂದ ಹೊರಗೆ ಹಾಕಿದರು. ನಾನು ಕಾಫಿ ಕೂಡ ಮುಟ್ಟದೆ 32 ಹೆಸರಿನ ಕೆಂಪು ಅಳಿಸಿ, ‘ಸ್ವತಂತ್ರ’ ಅಂತ ಹಾಕಿ ಎಲ್ಲರಿಗೂ ಕಳಿಸಿಬಿಟ್ಟೆ. ಅವಸರ ಜಾಸ್ತಿಯಾಯಿತು. ಆಮೇಲೆ ನೋಡಿದರೆ ಅವರು ‘ಸೆನೆಟ್ ಲಿಬರಲ್ಸ್’ ಅಂತ ಹೆಸರಿಟ್ಟುಕೊಂಡಿದ್ದಾರೆ. ನಾಯಕರು ಮೊದಲಿನ ಜೇಮ್ಸ್ ಕೋವನ್ ಅವರೇ. ವಿರೋಧ ಪಕ್ಷದ ನಾಯಕರ ಕುರ್ಚಿಯೂ ಅವರದೇ. ಮನೆಯಿಂದ ಆಚೆ ಹಾಕಿದರೂ ಮನೆತನದ ಹೆಸರು ಬಿಡಲಿಲ್ಲ! ಸಂಜೆ ಸುಮ್ನೆ ಕೂತು 32 ಸಾಲಿಗೂ ಮತ್ತೆ ಕೆಂಪು ಬಳಿದೆ. ‘ಪಕ್ಷ’ದ ಪಕ್ಕದಲ್ಲಿ ‘ಗುಂಪು’ ಅಂತ ಇನ್ನೊಂದು ಕಾಲಂ ಎಳೆದೆ.

ಹಾಸನದಲ್ಲಿರುವ ಅಣ್ಣ ಫೋನಿನಲ್ಲಿ ಕೇಳಿದ, ‘ವಿಪ್ ಮೀರಿದರೆ ಸೀಟು ಹೋಗಲ್ವೇನೋ?’ ಹೋಗುವುದಿಲ್ಲ. ಸೆನೆಟರ್‌ಗಳ ಹಾಗೆ ನೇಮಕವಾಗಿ ಬರುವ ನಮ್ಮ ರಾಜ್ಯಸಭೆಯ ನಾಮಕರಣ ಸದಸ್ಯರು ಪಕ್ಷ ಸೇರುವುದಾದರೆ ಆರು ತಿಂಗಳೊಳಗೆ ಸೇರಬೇಕು. ಆಮೇಲೆ ಸೇರಿದರೆ ಸೀಟಿಗೇ ಕುತ್ತು. ಕೆನಡಾದಲ್ಲಿ ಪಕ್ಷಾಂತರ ಕಾಯ್ದೆಯೇ ಇಲ್ಲ. ಪ್ರಧಾನಿಯ ಸಲಹೆ ಮೇಲೆ ನೇಮಕ, ಆಮೇಲೆ 75 ವರ್ಷ ತುಂಬುವವರೆಗೆ ಕೂತಿರಬಹುದು. ಅಂಥವರನ್ನು ಪಕ್ಷ ಏನು ಹೇಳಿ ಹೆದರಿಸುತ್ತದೆ, ಅಲ್ವಾ?

2016ರ ನಂತರ ನನ್ನ ಪಾಡು ಇನ್ನೂ ಚೆನ್ನಾಗಿತ್ತು. ಸರ್ಕಾರದ ಮಸೂದೆಗಳನ್ನು ಸೆನೆಟ್‌ನಲ್ಲಿ ನಡೆಸಲು ಬಂದ ಪೀಟರ್ ಹಾರ್ಡರ್ ಯಾವ ಪಕ್ಷದ ಗುಂಪಿನಲ್ಲೂ ಕೂರಲಿಲ್ಲ. ಅವರ ಪದವಿ ‘ಸರ್ಕಾರದ ಪ್ರತಿನಿಧಿ’. ಹೊಸದಾಗಿ ನೇಮಕವಾದವರಲ್ಲಿ ಹೆಚ್ಚಿನವರು ಸ್ವತಂತ್ರ ಸೆನೆಟರ್‌ಗಳ ಗುಂಪು ಸೇರಿದರು. ಅಲ್ಲಿ ನಾಯಕ ಅನ್ನುವ ಮಾತೇ ಇಲ್ಲ, ‘ಫೆಸಿಲಿಟೇಟರ್’ ಅನ್ನುತ್ತಾರೆ. 2017ರಿಂದ ಆ ಜಾಗದಲ್ಲಿ ಯುಯೆನ್ ಪಾವ್ ವೂ ಇದ್ದರು. ಹಳೇ ಅಭ್ಯಾಸದಲ್ಲಿ ಒಂದು ಆಫೀಸಿಗೆ ಫೋನ್ ಮಾಡಿ, ‘ನಿಮ್ಮವರೆಲ್ಲ ಯಾವ ಕಡೆ?’ ಅಂದೆ. ‘ನಮಗೇನು ಗೊತ್ತು? ಅವರವರನ್ನೇ ಕೇಳಿ’ ಅಂದರು.

ಕೇಳಿದೆ. ಒಬ್ಬೊಬ್ಬರ ಭಾಷಣ ಓದಿದೆ. ಯಾವ ಸಮಿತಿ, ಯಾವ ಪ್ರಾಂತ್ಯ, ಮೊದಲು ಏನು ಉದ್ಯೋಗ, ಎಲ್ಲಕ್ಕೂ ಕಾಲಂ ಹಾಕಿದೆ. ಶೀಟು ಎಷ್ಟು ಅಗಲವಾಯಿತು ಅಂದರೆ ಪ್ರಿಂಟ್ ತೆಗೆದು ಎರಡು ಹಾಳೆ ಅಂಟಿಸಬೇಕಿತ್ತು.

2018ರ ಜೂನ್ 19ರಂದು ಗಾಂಜಾವನ್ನು ಕಾನೂನುಬದ್ಧ ಮಾಡುವ ಮಸೂದೆಯ ಕೊನೆಯ ವೋಟು. ಒಬ್ಬೊಬ್ಬರೇ ಎದ್ದು ನಿಂತಂತೆ ಹೆಸರು ಕೂಗುತ್ತಿದ್ದರು, ನಾನು ಟಿಕ್ ಹಾಕುತ್ತಾ ಹೋದೆ. 52 ಪರ, 29 ವಿರುದ್ಧ, ಇಬ್ಬರು ತಟಸ್ಥ. ಪರ ಅಂತ ನಾನು ಬರೆದುಕೊಂಡಿದ್ದು 49. ನೀಲಿ ಸಾಲುಗಳಲ್ಲಿ ಮಾತ್ರ ಅಂದಾಜು ಹೆಚ್ಚು ತಪ್ಪಿರಲಿಲ್ಲ. ಅಲ್ಲಿ ಇನ್ನೂ ಪಕ್ಷ ಹೇಳಿದಂತೆ ವೋಟು ಹಾಕಿಸುವ ವಿಪ್ ಇದ್ದರು.